ಶನಿವಾರದವರೆಗೆ ನಿಲ್ಲದ ನೀಲಿ

ಫಿನ್ನಿಷ್ ಭಾಷೆಯಲ್ಲಿ 'ತ್ಯಾನ್ಯಾನ್' ಅಂದರೆ 'ಇವತ್ತು'. ಕಳೆದ ಮಂಗಳವಾರ ಕಿವಿಗೆ ಬಿದ್ದ ಈ ಪದ ಇನ್ನೂ ತಲೆಯಿಂದ ಇಳಿದಿಲ್ಲ.

ಹೇಳಿದ್ದು ಕೆಳಗಿನ ಮನೆಯ ಅಜ್ಜಿ. ನಾನು ಫಿನ್ಲೆಂಡಿನ ಎಸ್ಪೂ ನಗರಕ್ಕೆ ಬಂದು ಆರು ವರ್ಷವಾಯಿತು. ಅಷ್ಟರಲ್ಲಿ ಅವರು ನನ್ನ ಜೊತೆ ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಪೋಸ್ಟ್ ಕಾರ್ಡ್ ತುಂಬಲಿಕ್ಕಿಲ್ಲ. ಅವತ್ತು ಕಸದ ಡಬ್ಬಿಗಳ ಹತ್ತಿರ ಎದುರಾದರು, ರಬ್ಬರ್ ಬೂಟಿನ ತುಂಬ ಕೆಸರು. ಕಪ್ಪೆಗಳು ನೀಲಿಯಾಗಿವೆ, ಹೋಗಿ ನೋಡು ಅಂದರು. ಶನಿವಾರ ಮಗಳನ್ನು ಕರ್ಕೊಂಡು ಹೋಗ್ತೀನಿ ಅಂದೆ.

"ತ್ಯಾನ್ಯಾನ್."

ಇವತ್ತು ಮೀಟಿಂಗ್ ಇದೆ, ಅವಳಿಗೆ ಸಂಜೆ ಈಜು ಕ್ಲಾಸ್ ಇದೆ ಅಂತ ಶುರುಮಾಡಿದೆ. ಮತ್ತೆ "ತ್ಯಾನ್ಯಾನ್". ಡಬ್ಬಿಯ ಮುಚ್ಚಳ ಹಾಕಿ ಹೊರಟೇಹೋದರು. ಒರಟು ಹೆಂಗಸು ಅಂದುಕೊಂಡೆ. ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ, ಬಿಡಿ.

ಇಲ್ಲಿ ಕಪ್ಪೆಗೆ 'ಸಮ್ಮಕ್ಕೊ' ಅನ್ನುತ್ತಾರೆ. ನಮ್ಮೂರಲ್ಲಿ ಬೇಲಿಯಾಚೆಯಿಂದ ಯಾರೋ ಪಕ್ಕದ ಮನೆ ಅಕ್ಕನನ್ನು ಕರೆದ ಹಾಗೆ! ಅಜ್ಜಿ ಹೇಳಿದ್ದು 'ವೀತಾಸಮ್ಮಕ್ಕೊ' ಬಗ್ಗೆ. ವರ್ಷವಿಡೀ ಒಣಗಿದ ಎಲೆಯ ಬಣ್ಣದ ಈ ಕಪ್ಪೆಗಳಲ್ಲಿ ಮೊಟ್ಟೆಯಿಡುವ ಕಾಲಕ್ಕೆ ಗಂಡುಗಳು ಮಾತ್ರ ಕೆಲವೇ ಕೆಲವು ದಿನ ನೀಲಿ ತಿರುಗುತ್ತವೆ.

ನಾನು ಇಷ್ಟು ವರ್ಷ ಕಪ್ಪೆ ಹುಡುಕಿದ್ದು ಜುಲೈನಲ್ಲಿ. ಬಿಸಿಲು, ಹಸಿರು, ರಜೆ, ಇನ್ನೇನು ಬೇಕು ಅಂತ. ಬ್ಲೂಬೆರಿ ಪೊದೆಯಡಿ ಎಲ್ಲೋ ಒಂದು ಹಾರಿದರೆ ಅದೇ ದೊಡ್ಡ ಸುದ್ದಿ. ತೀರ್ಥಹಳ್ಳಿ ಕಡೆಯ ತಲೆಗೆ ಕಪ್ಪೆ ಅಂದರೆ ಮಳೆ, ಮೃಗಶಿರದ ರಾತ್ರಿ. ಇಲ್ಲಿ ಅವು ಮಳೆಗೆ ಕಾಯುವುದಿಲ್ಲ. ಮಂಜುಗಡ್ಡೆ ಕರಗಿದರೆ ಸಾಕು. ದಕ್ಷಿಣ ಫಿನ್ಲೆಂಡಿನಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳು. ಮೇಲೆ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನ ಕಿಲ್ಪಿಸ್‌ಯಾರ್ವಿಯಲ್ಲಿ ಸಾಮಾನ್ಯ ಕಂದು ಕಪ್ಪೆಗೂ ಮೇ ಕೊನೆ, ಜೂನ್ ಆಗಬೇಕು. ಬೇಸಿಗೆ ಇರುವುದೇ ಚೂರು. ಅದು ಮುಗಿಯುವುದರೊಳಗೆ ಗೊದಮೊಟ್ಟೆಗೆ ಕಾಲು ಬಂದು ದಡ ಹತ್ತಬೇಕಲ್ಲ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಮಳೆ ಇಲ್ದೆ ಕಪ್ಪೆ ಕೂಗ್ತದಾ? ಎಂಥ ದೇಶ ಮಾರಾಯ್ತಿ ಅದು!"

ಮಂಗಳವಾರ ಸಂಜೆ ಹೋದೆ. ಕುತೂಹಲಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಕಪ್ಪೆ ನೋಡೋಕೆ ಮೀಟಿಂಗ್ ಬಿಡ್ತೀಯಾ?" ಅಂದ ಗಂಡ, ಐಸ್ ಹಾಕಿ ಪಂದ್ಯಕ್ಕೆ ಅವನು ಏನೇನು ಬಿಟ್ಟಿದ್ದಾನೆ ಅನ್ನುವುದನ್ನು ಮರೆತು. ಮಗಳು ಅವನ ಜೊತೆ ಈಜಿಗೆ ಹೋದಳು.

ಕೊಲ್ಲಿಯ ಅಂಚಿನ ಜೊಂಡಿನ ನಡುವೆ ಹಲಗೆ ಹಾಸಿದ ದಾರಿ. ಏಳು ಡಿಗ್ರಿ ಚಳಿ, ಎಂಟು ಗಂಟೆಯಾದರೂ ಬೆಳಕು. ನನ್ನ ಹೆಜ್ಜೆ ಸಪ್ಪಳಕ್ಕೆ ಎಲ್ಲ ಮೌನ. ಹತ್ತು ನಿಮಿಷ ಅಲ್ಲಾಡದೆ ನಿಂತೆ. ಆಮೇಲೆ ಚೊಂಬನ್ನು ಹಂಡೆಯಲ್ಲಿ ಅದ್ದಿದಾಗ ಬರುವ ಗುಳುಗುಳು ಸದ್ದು, ಒಂದು ಕಡೆಯಿಂದ, ಮತ್ತೊಂದು ಕಡೆಯಿಂದ, ಕೊನೆಗೆ ಇಡೀ ಜೊಂಡಿನಿಂದ. ಇದು ಕಪ್ಪೆಯ ದನಿ ಅಂತ ಯಾರೂ ಹೇಳದಿದ್ದರೆ ಪೈಪ್ ಒಡೆದಿದೆ ಅಂದುಕೊಳ್ಳುತ್ತಿದ್ದೆ. ತಲೆಗಳು ಮೇಲೆದ್ದವು. ನೀಲಿ! ಬಟ್ಟೆಗೆ ಹಾಕುವ ನೀಲಿಯನ್ನು ತೆಳ್ಳಗೆ ಕಲಸಿ ಬಳಿದ ಹಾಗೆ. ಕಂದು ಹೆಣ್ಣೊಂದು ಬಂದರೆ ನಾಲ್ಕು ನೀಲಿಗಳು ಒಟ್ಟಿಗೆ ನುಗ್ಗಿದವು. ಫೋಟೋ ತೆಗೆದೆ, ಎಲ್ಲ ಅಲುಗಾಡಿ ಕೆಟ್ಟವು.

ಶನಿವಾರ ಮಗಳ ಜೊತೆ ಅದೇ ಹಲಗೆ ಮೇಲೆ ನಿಂತೆ. ನೀರಲ್ಲಿ ಲೋಳೆಯ ಮೊಟ್ಟೆಮುದ್ದೆಗಳು, ಜೊಂಡಿನ ಬುಡದಲ್ಲಿ ಒಂದೇ ಒಂದು ಕಪ್ಪೆ. "ಅಮ್ಮಾ, ಇದು ಬ್ರೌನ್," ಅಂದಳು. ಮಂಗಳವಾರ ನೀಲಿ ಇತ್ತು ಅಂದೆ. ನನ್ನ ಕೆಟ್ಟ ಫೋಟೋ ನೋಡಿದಳು, ನನ್ನನ್ನು ನೋಡಿದಳು. ಸುಳ್ಳಿ ಅನ್ನಲಿಲ್ಲ, ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾಯಿತು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ, ಅಪ್ಪ ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗದ್ದೆ ಕಪ್ಪೆಗಳು ಅರಿಶಿನ ಬಳಿದ ಹಾಗೆ ಹಳದಿಯಾಗಿವೆ, ಗಂಟಲ ಚೀಲ ನೀಲಿ, ಬಾ ನೋಡು ಅಂದಿದ್ದರು. ನಾನು ಕಂಬಳಿಯೊಳಗಿಂದ "ನಾಳೆ" ಅಂದಿದ್ದೆ. ಮಾರನೇ ದಿನ ಹೋಗಿದ್ದೆನಾ? ನೆನಪಿಲ್ಲ. ಹಳದಿ ಕಪ್ಪೆಯನ್ನು ನಾನು ಇಂದಿಗೂ ಕಣ್ಣಾರೆ ಕಂಡಿಲ್ಲ ಅನ್ನುವುದಂತೂ ಖಾತ್ರಿ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಯಾವ ಕಪ್ಪೆ?" ಅಂದರು. ಟಾರ್ಚ್ ಮಾತ್ರ ನೆನಪಿತ್ತು, ಮೂರು ಸೆಲ್ಲಿನದು, ನಾನೇ ಬಾವಿಗೆ ಬೀಳಿಸಿದ್ದಂತೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕರು. ಮಗಳಿಗೆ ನೀಲಿ ಸಿಗಲಿಲ್ಲ ಅಂದೆ. ಮುಂದಿನ ವರ್ಷ ಅಂದರು. ನಾಲ್ಕು ಮೆಟ್ಟಿಲು ಇಳಿದವರು ತಿರುಗಿ, ನೆಲಗಪ್ಪೆಗಳು ಈಗಷ್ಟೇ ನೀರಿಗೆ ಇಳಿದಿವೆ, ಅವು ಸ್ವಲ್ಪ ತಡ ಅಂದರು. ಆಮೇಲೆ ಅದೇ ಪದ.

ಈಗ ಗಂಟೆ ಐದೂವರೆ. ಆರಕ್ಕೆ ಈಜು ಕ್ಲಾಸ್. ಮಗಳು ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಾಳೆ.