ಡಿಕ್ಕಿಯಲ್ಲಿ ಬಂದ ಕಟ್ಟೆ ರೋಗ

ಸಕಲೇಶಪುರಕ್ಕೆ ಹೋದವರೆಲ್ಲ ಮಂಜರಾಬಾದ್ ಕೋಟೆ ಬಗ್ಗೆ ಬರೆಯುತ್ತಾರೆ. ನಾವೂ ಹೋಗಿದ್ದೆವು. ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಚೆನ್ನಾಗಿದೆ, ರೀಲ್ಸ್ ಮಾಡುವವರ ಮಧ್ಯೆ ಜಾಗ ಮಾಡಿಕೊಂಡು ನೋಡಬೇಕು ಅಷ್ಟೇ. ಬಿಸಿಲೆ ಘಾಟಿಯಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಮೂರು ದಿನದ ಪ್ರವಾಸದಲ್ಲಿ ನೆನಪಲ್ಲಿ ಉಳಿದದ್ದು ಒಂದು ಸಂಜೆ, ಅದೂ ಕಾರಿನ ಡಿಕ್ಕಿ ತೆಗೆದ ಮೇಲೆ ನಡೆದದ್ದು.

ಹೋಗುವಾಗ ದಾರಿಬದಿಯ ನರ್ಸರಿ ನೋಡಿ ಅವ್ವ ಕಾರು ನಿಲ್ಲಿಸಿದ್ದಳು. ಅವಳ ತವರು ತಿಕೋಟಾ, ದ್ರಾಕ್ಷಿ ಸೀಮೆ. ಗಿಡ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಏಲಕ್ಕಿ ಕಂದು, ಅಂದರೆ ಬುಡದಿಂದ ಒಡೆಯುವ ಮರಿ ಗಿಡ, ಒಂದಕ್ಕೆ 150 ರೂಪಾಯಿ, ನಾಲ್ಕು ತಗೊಂಡೆವು. 'ಒಳ್ಳೇ ತಳಿ ಸಾರ್' ಅಂದ ಪುಣ್ಯಾತ್ಮ. ಯಾವ ತಳಿ ಅಂತ ಕೇಳಿದ್ದಕ್ಕೆ ಇನ್ನೊಂದು ಸಲ 'ಒಳ್ಳೇ ತಳಿ' ಅಂದ.

ನಾವು ಉಳಿದುಕೊಂಡಿದ್ದ ಮನೆ ಹೆತ್ತೂರಿನ ಕಡೆ, ಏಲಕ್ಕಿ ತೋಟದೊಳಗೇ ಇತ್ತು. ಬ್ಯಾಗ್ ಇಳಿಸಲು ಡಿಕ್ಕಿ ತೆಗೆದೆ. ಸಹಾಯಕ್ಕೆ ಬಂದ ಮನೆಯ ಯಜಮಾನ ಗೌಡ್ರು ಬ್ಯಾಗ್ ಮುಟ್ಟಲೇ ಇಲ್ಲ. ಒಂದು ಕಂದಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಡಿಕ್ಕಿ ಮುಚ್ಚಿಬಿಡಿ ಮೊದ್ಲು."

ನಾನೂ ಇಣುಕಿದೆ. ಹಸಿರು ಎಲೆ, ಅಷ್ಟೇ ಅನ್ನಿಸಿತು. ಗೌಡ್ರು ಎಲ್ಲಕ್ಕಿಂತ ಎಳೆಯ ಎಲೆ ತೋರಿಸಿದರು. ನಡುದಿಂಡಿನಿಂದ ಅಂಚಿನ ತನಕ ತಿಳಿ ಹಸಿರು ಗೀರುಗಳು, ಅಲ್ಲಲ್ಲಿ ತುಂಡಾದ ಗೀರುಗಳು. ಬಾಲ್‌ಪೆನ್ನಿನ ಇಂಕು ಮುಗಿಯುತ್ತಾ ಬಂದಾಗ ಎಳೆದ ಗೆರೆ ಇರುತ್ತದಲ್ಲ, ಹಾಗೆ. ಎಲೆಬುಡದ ಕವಚದ ಮೇಲೂ ಮಚ್ಚೆ ಮಚ್ಚೆ.

"ಕಟ್ಟೆ ರೋಗ" ಅಂದರು.

ಆಮೇಲೆ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಅವರಿಬ್ಬರ ಮಾತು ಶುರುವಾಯಿತು. ನಾನು ಜಿಗಣೆ ಕಿತ್ತುಕೊಳ್ಳುತ್ತಾ ಕೂತಿದ್ದೆ.

"ಔಷಧ ಹೊಡದ್ರ ಹೋಗೂದಿಲ್ಲೇನ್ರಿ?"

"ಇದು ವೈರಸ್ ಅಮ್ಮ, ಗಿಡಕ್ಕೆ ಮದ್ದಿಲ್ಲ. ಹರಡೋದು ಹೇನು, ಗಿಡದ ರಸ ಹೀರೋ ಸಣ್ಣ ಹುಳ. ಹೇನಿಗೆ ಹೊಡಿಬಹುದು. ಆದ್ರೆ ಅದು ಸಾಯೋ ಹೊತ್ತಿಗೆ ಪಕ್ಕದ ಬುಡಕ್ಕೆ ಚುಚ್ಚಿ ಆಗಿರುತ್ತೆ."

"ಮತ್ತ ಏನ್ ಮಾಡ್ತೀರಿ?"

"ನೋಡ್ತಾ ಇರ್ತೀವಿ. ಕಂಡ ತಕ್ಷಣ ಬುಡಸಮೇತ ಕೀಳ್ತೀವಿ. ಕಾಯಿ ತುಂಬಿರೋ ಬುಡ ಕೀಳೋವಾಗ ಹೊಟ್ಟೆ ಉರಿಯುತ್ತೆ. ಅದಕ್ಕೇ ಜನ ಈ ಸಲದ ಕೊಯ್ಲು ಮುಗೀಲಿ ಅಂತ ಬಿಡ್ತಾರೆ. ಅಷ್ಟರಲ್ಲಿ ಅದು ಹತ್ತಾಗಿರುತ್ತೆ."

ಇದು ವೈರಸ್, ಹೇನಿನಿಂದ ಹರಡುತ್ತದೆ ಅಂತ ಖಚಿತವಾದದ್ದು 1945ರಲ್ಲಿ. ಮಲೆನಾಡಿನವರು ಹೆಸರಿಟ್ಟದ್ದು ಅದಕ್ಕೂ ಮುಂಚೆ. ಇಂಗ್ಲಿಷ್ ಪುಸ್ತಕಗಳೂ ಕಟ್ಟೆ ಅಂತಲೇ ಬರೆಯುತ್ತವೆ.

ಅವ್ವ ಸೋಲಲಿಲ್ಲ. ದ್ರಾಕ್ಷಿಗೆ ಬರುವ ಹಿಟ್ಟು ತಿಗಣೆಯ ಕಥೆ ತೆಗೆದಳು. ಆಗ ನಾನು ಬಾಯಿ ಹಾಕಿದೆ. ದ್ರಾಕ್ಷಿಯಲ್ಲೂ ಲೀಫ್‌ರೋಲ್ ಅಂತ ವೈರಸ್ ರೋಗ ಇದೆ. ಅದನ್ನು ಸಾಗಿಸುವುದು ಅದೇ ಹಿಟ್ಟು ತಿಗಣೆ. ಕಪ್ಪು ದ್ರಾಕ್ಷಿಯಾದರೆ ಎಲೆ ಕೆಂಪಾಗಿ, ನರ ಮಾತ್ರ ಹಸಿರಾಗಿ ಉಳಿದು, ಅಂಚು ಕೆಳಕ್ಕೆ ಸುರುಳಿಯಾಗುತ್ತದೆ. ಬಿಳಿ ತಳಿಯಲ್ಲಿ ಗುರುತು ಹಿಡಿಯೋದೇ ಕಷ್ಟ. ಚೆನ್ನಾಗಿದೆ ಅಂತ ಕಡ್ಡಿ ಕತ್ತರಿಸಿ ಇನ್ನೊಂದು ತೋಟಕ್ಕೆ ಕೊಟ್ಟರೆ ರೋಗವೂ ಜೊತೆಗೆ ಹೋಗುತ್ತದೆ.

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮಪ್ಪ ಬೀಗರಿಗೆಲ್ಲ ಕಡ್ಡಿ ಹಂಚ್ಯಾನ" ಅಂದಳು.

ಮರುದಿನ ಬೆಳಿಗ್ಗೆ ಗೌಡ್ರು ತೋಟ ಸುತ್ತಿಸಿದರು. ಕೊಡಗಿನ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದ 'ವಿಜೇತ' ತಳಿ ಒಂದು ಭಾಗದಲ್ಲಿದೆ, ಅದು ಕಟ್ಟೆಗೆ ಸುಲಭಕ್ಕೆ ಜಗ್ಗಲ್ಲ ಅಂದರು. ಹಳೇ ಒಣ ಕವಚಗಳನ್ನು ಸುಲಿದು ಬುಡ ಚೊಕ್ಕ ಮಾಡಿದ್ದರು, ಹೇನು ಸಂಸಾರ ಹೂಡುವುದು ಅಲ್ಲೇ ಅಂತೆ. ತೋಡಿನ ಪಕ್ಕ ಒಂದು ಬುಡದ ಮುಂದೆ ನಿಂತರು. ಹೊಸ ಎಲೆ ಬಿಚ್ಚಿಕೊಳ್ಳಲಾಗದೆ ಹಳೇ ಎಲೆಗೆ ಸಿಕ್ಕಿಕೊಂಡು, ಕಂದು ಕೊಕ್ಕೆಯ ಹಾಗೆ ಬಾಗಿತ್ತು. ಇದು ಇನ್ನೊಂದು ವೈರಸ್, ಹೆಸರೇ ಕೊಕ್ಕೆ ಕಂದು. ಇದೇ ತಾಲೂಕಿನ ಹೊಂಗಡಹಳ್ಳದಲ್ಲಿ ಮೊದಲು ಕಂಡದ್ದು. ಕಟ್ಟೆ ನಿಧಾನಕ್ಕೆ ಸೊರಗಿಸುತ್ತದೆ, ಇದು ಒಂದೆರಡು ವರ್ಷದಲ್ಲೇ ಬುಡ ಮುಗಿಸುತ್ತದೆ. ಗೌಡ್ರು ಅಲ್ಲೇ ಕತ್ತಿ ತರಿಸಿದರು.

ಇಡೀ ತೋಟದಲ್ಲಿ ಒಂದೇ ಒಂದು ಕೆಸುವಿನ ಎಲೆ ಇಲ್ಲ. ಮಲೆನಾಡಲ್ಲಿ ಕೆಸು ಇಲ್ಲದ ತೋಡೇ? ಹೇನು ಕೆಸುವಿನ ಮೇಲೂ ಬೆಳೆಯುತ್ತದೆ ಅಂತ ಗೌಡ್ರು ಎಲ್ಲಾ ಕೀಳಿಸಿದ್ದರು. "ಪತ್ರೊಡೆಗೆ ಪೇಟೆಯಿಂದ ಎಲೆ ತರೋ ಹಣೆಬರಹ ನಮ್ದು" ಅಂತ ಅವರ ಹೆಂಡತಿ ಅವ್ವನ ಹತ್ತಿರ ಹೇಳಿಕೊಂಡರಂತೆ. ಬಚ್ಚಲ ಹಿಂದೆ ಎರಡು ಬುಡ ಕದ್ದು ಇಟ್ಟುಕೊಂಡಿದ್ದನ್ನೂ ತೋರಿಸಿದರಂತೆ. ನಾನು ಗೌಡ್ರಿಗೆ ಹೇಳಲಿಲ್ಲ.

ನಮ್ಮ ನಾಲ್ಕು ಕಂದು ಬಚ್ಚಲೊಲೆಗೆ ಹೋದವು. ಹಸಿ ಗೆಡ್ಡೆ, ಬರೀ ಹೊಗೆ. 600 ರೂಪಾಯಿಯ ಹೊಗೆ. ಆದ್ದರಿಂದ ಹೇಳ್ತೀನಿ, ಮಲೆನಾಡಿಗೆ ಹೋದರೆ ಕಾಫಿಪುಡಿ ತನ್ನಿ, ಜೇನು ತನ್ನಿ. ದಾರಿಯಲ್ಲಿ ಸಿಕ್ಕ ಕಂದು ಮಾತ್ರ ತರಬೇಡಿ. ತರಲೇಬೇಕು ಅಂದರೆ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಗೀರು ಇಲ್ಲ ಅಂದ ಮಾತ್ರಕ್ಕೂ ನಂಬಬೇಡಿ, ರೋಗ ಅಂಟಿ ಮೂರು ತಿಂಗಳು ಕಾಣಿಸದೆಯೂ ಇರಬಹುದಂತೆ.

ಹೊರಡುವಾಗ ಗೌಡ್ರು ಅವ್ವನ ಕೈಗೆ ಒಂದು ಹಿಡಿ ಹಣ್ಣಾದ ಏಲಕ್ಕಿ ಕಾಯಿ ಹಾಕಿದರು. "ಬೀಜದಲ್ಲಿ ಕಟ್ಟೆ ಬರಲ್ಲ ಅಮ್ಮ. ಇದನ್ನ ಹಾಕಿ."

ಬೆಂಗಳೂರಿನ ಬಾಲ್ಕನಿಯಲ್ಲಿ ಏಲಕ್ಕಿ ಕಾಯಿ ಬಿಡುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಅವ್ವನಿಗೆ ಇದೆ. ಐದು ಸಸಿ ಬಂದಿವೆ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಒಂದೊಂದೇ ಎಲೆ ಬೆಳಕಿಗೆ ಹಿಡಿಯುತ್ತಾಳೆ. ನಮ್ಮ ಕೆಸುವಿನ ಕುಂಡ ಈಗ ಪಕ್ಕದ ಮನೆಯವರ ಬಾಲ್ಕನಿಯಲ್ಲಿದೆ.