ನೀರು ಹೊತ್ತ ಅಜ್ಜನ ಊರಿನಲ್ಲಿ

ಬೀದರಿನವರಿಗೆ ಸಿಖ್ಖರು ಹೊಸಬರಲ್ಲ. ನಮ್ಮೂರ ಗುರುದ್ವಾರ ನಾನಕ್ ಝೀರಾದ ಚಿಲುಮೆ ನೀರು ಕುಡಿದು ಬೆಳೆದವರು ನಾವು. ಕಾಲೇಜು ದಿನಗಳಲ್ಲಿ ಕಿಸೆ ಖಾಲಿಯಾದರೆ ಸೀದಾ ಅಲ್ಲಿನ ಲಂಗರಿಗೆ, ಅಂದರೆ ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಜಾಗಕ್ಕೆ, ಹೋಗಿ ಸಾಲಿನಲ್ಲಿ ಕೂತುಬಿಡುತ್ತಿದ್ದೆವು. ಯಾರು, ಯಾವ ಊರು, ಯಾವ ಜಾತಿ ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಹಾಗೆ ಕೇಳಬಾರದು ಅನ್ನೋದನ್ನು ಕಟ್ಟುನಿಟ್ಟು ಮಾಡಿದವರು ಯಾರು ಅಂತ ನಾನೂ ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಮೂರನೇ ಗುರು ಅಮರದಾಸರ ಹೆಸರು ಸಿಗುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಅವ್ವನನ್ನು ಕರೆದುಕೊಂಡು ಅಮೃತಸರಕ್ಕೆ ಹೊರಟೆ. ಅವ್ವನಿಗೆ 68. ಮೊಣಕಾಲು ನೋವು ಬೇರೆ. ಬೀದರಿನಿಂದ ನಾಂದೇಡ್‌ವರೆಗೆ ಬಸ್ಸು, ಅಲ್ಲಿಂದ ಸಚ್‌ಖಂಡ್ ಎಕ್ಸ್‌ಪ್ರೆಸ್. ಈ ರೈಲಿನ ವಿಷಯ ಗೊತ್ತಿದ್ದವರು ತಟ್ಟೆ, ಡಬ್ಬಿ ಜೊತೆಗೇ ಇಟ್ಟುಕೊಂಡು ಹತ್ತುತ್ತಾರೆ. ದಾರಿಯ ಸ್ಟೇಷನ್ನುಗಳಲ್ಲಿ ಭಕ್ತರು ಬಕೆಟ್ ಹಿಡಿದು ಕಾಯುತ್ತಿರುತ್ತಾರೆ, ಕಿಟಕಿಯಲ್ಲೇ ಊಟ ಬರುತ್ತದೆ. ನಾವು ತಟ್ಟೆ ತಂದಿರಲಿಲ್ಲ. ಅವ್ವ ಮನೆಯಿಂದ ಕಟ್ಟಿ ತಂದಿದ್ದ ಜೋಳದ ರೊಟ್ಟಿಯ ಡಬ್ಬಿಯನ್ನೇ ಖಾಲಿ ಮಾಡಿ ಕಿಟಕಿಗೆ ಒಡ್ಡಿದಳು. ಆ ರೊಟ್ಟಿಗಳನ್ನು ಎದುರು ಸೀಟಿನ ಸರ್ದಾರ್ಜಿ ಕುಟುಂಬಕ್ಕೆ ಹಂಚಿದಳು. ಶೇಂಗಾ ಹಿಂಡಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ.

ಸ್ವರ್ಣ ಮಂದಿರದ ಬಗ್ಗೆ ಬರೆಯೋದಿಲ್ಲ. ಸಾಕಷ್ಟು ಜನ ಬರೆದಿದ್ದಾರೆ. ಎರಡು ದಿನ ಅಲ್ಲಿದ್ದು, ಮೂರನೇ ದಿನ ಖಡೂರ್ ಸಾಹಿಬ್, ಗೋಯಿಂದ್‌ವಾಲ್ ಕಡೆ ಹೊರಟೆವು. ಎರಡೂ ತರನ್ ತಾರನ್ ಜಿಲ್ಲೆಯ ಸಣ್ಣ ಊರುಗಳು. ನಮ್ಮ ಕಂಡಕ್ಟರ್ ಮಹಾಶಯ ಒಂದು ತಿರುವು ಮೊದಲೇ ಇಳಿಸಿ ಹೋದ. ಸುತ್ತ ಮೊಣಕಾಲೆತ್ತರದ ಹಸಿರು ಗೋಧಿ, ನಡುನಡುವೆ ಹಳದಿ ಸಾಸಿವೆ, ನೆಲಕ್ಕೆ ಅಂಟಿದ ಮಂಜು. ಟ್ರ್ಯಾಕ್ಟರ್ ಹುಡುಗನೊಬ್ಬ ಕೈ ತೋರಿಸದೇ ಇದ್ದರೂ ತಾನೇ ನಿಲ್ಲಿಸಿದ. ಅವ್ವ ಟ್ರಾಲಿಯಲ್ಲಿ ಕೂತು ಖಡೂರಿಗೆ ಬಂದಳು.

ಖಡೂರ್ ಎರಡನೇ ಗುರು ಅಂಗದರ ಊರು. ಗುರುಮುಖಿ ಲಿಪಿಗೆ ಒಂದು ರೂಪ ಕೊಟ್ಟು ಮಕ್ಕಳಿಗೆ ಅಕ್ಷರ ಕಲಿಸಿದವರು, ಗರಡಿ ಮಾಡಿ ಕುಸ್ತಿಯನ್ನೂ ಆಡಿಸಿದವರು. ಅವರ ಹೆಂಡತಿ ಮಾತಾ ಖೀವಿ ಲಂಗರ್ ನೋಡಿಕೊಳ್ಳುತ್ತಿದ್ದರು. ಆಕೆ ಬಡಿಸುತ್ತಿದ್ದ ತುಪ್ಪ ಹಾಕಿದ ಖೀರಿನ ಮಾತು ಗುರುಗ್ರಂಥದಲ್ಲೇ ಇದೆ. ನಮಗೂ ಅಲ್ಲಿ ಖೀರು ಸಿಕ್ಕಿತು. ಅವ್ವ ಒಂದು ಗುಟುಕು ಕುಡಿದು, “ಅಕ್ಕಿ ಛಲೋ ಬೆಂದದ” ಅಂತ ಸರ್ಟಿಫಿಕೇಟ್ ಕೊಟ್ಟಳು.

ಅಮರದಾಸರ ಕಥೆ ಶುರುವಾಗೋದು ಒಂದು ಹಾಡಿನಿಂದ. ಅಮೃತಸರದ ಹತ್ತಿರದ ಬಾಸರ್ಕೆ ಎಂಬ ಹಳ್ಳಿಯಲ್ಲಿ 1479ರಲ್ಲಿ ಹುಟ್ಟಿದವರು. ಹೊಲ, ವ್ಯಾಪಾರ, ಮಕ್ಕಳು ಮರಿ ಎಲ್ಲ ಇದ್ದ ಮನೆ. ವೈಷ್ಣವ ಭಕ್ತರು, ಸುಮಾರು ಇಪ್ಪತ್ತು ಸಲ ಗಂಗಾಸ್ನಾನಕ್ಕೆ ಹರಿದ್ವಾರಕ್ಕೆ ಹೋಗಿ ಬಂದಿದ್ದರಂತೆ. ಒಂದು ಬೆಳಗಿನ ಜಾವ ತಮ್ಮನ ಮನೆಯ ಸೊಸೆ ಕೆಲಸ ಮಾಡುತ್ತಾ ನಾನಕರ ಪದ ಹಾಡುತ್ತಿದ್ದಳು. ಆಕೆ ಬೀಬಿ ಅಮ್ರೋ, ಗುರು ಅಂಗದರ ಮಗಳು. ಕೇಳಿದವರು ಅಲ್ಲೇ ನಿಂತರು. ಇದು ಯಾರದು ಅಂತ ವಿಚಾರಿಸಿ ಆಕೆಯನ್ನೇ ಕರೆದುಕೊಂಡು ಖಡೂರಿಗೆ ಬಂದರು. ಆಗ ಅವರಿಗೆ ಅರವತ್ತು ದಾಟಿತ್ತು.

ಸಂಬಂಧ ಗಮನಿಸಿ. ಅಂಗದರು ಇವರಿಗೆ ಬೀಗರು, ಅದೂ ಹೆಣ್ಣಿನ ಕಡೆಯ ಬೀಗರು. ವಯಸ್ಸಿನಲ್ಲಿ 25 ವರ್ಷ ಚಿಕ್ಕವರು. ಗಂಡಿನ ಕಡೆಯವರು ಹೆಣ್ಣಿನ ಕಡೆ ಬೀಗರ ಮನೆಗೆ ಹೋದರೆ ಎಷ್ಟು ಗತ್ತು ಇರುತ್ತೆ ಅಂತ ನಮಗೆ ಗೊತ್ತೇ ಇದೆ ಅಲ್ವಾ? ಚಹಾ ಆರಿದ್ದಕ್ಕೇ ಮುನಿಸಿಕೊಂಡು ಎದ್ದು ಬಂದವರು ನಮ್ಮ ಮನೆಯಲ್ಲೇ ಇದ್ದಾರೆ. ಈ ಹಿರಿಯರು ಮಾತ್ರ ಬೀಗರ ಮನೆಯಲ್ಲಿ ನೀರು ಹೊರೋಕೆ ನಿಂತರು. ದಿನಾ ಬೆಳಕು ಹರಿಯುವ ಮೊದಲು ಬಿಯಾಸ್ ನದಿಗೆ ಹೋಗಿ ಒಂದು ಕೊಡ ನೀರು ತಂದು ಗುರುವಿಗೆ ಸ್ನಾನ ಮಾಡಿಸೋದು. ಸುಮಾರು ಹನ್ನೆರಡು ವರ್ಷ. ಗುರು ವರ್ಷಕ್ಕೊಂದು ಬಟ್ಟೆ ಕೊಡುತ್ತಿದ್ದರು. ಇವರು ಹಳೆಯದನ್ನು ಬಿಚ್ಚದೆ ಅದರ ಮೇಲೇ ಹೊಸದನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರಂತೆ. ಜನ ತಲೆ ಕೆಟ್ಟಿದೆ ಅಂದರು.

ಖಡೂರಿನಲ್ಲಿ ಖಡ್ಡಿ ಸಾಹಿಬ್ ಅಂತ ಒಂದು ಜಾಗ ಇದೆ. ಖಡ್ಡಿ ಅಂದರೆ ನೇಕಾರರ ಮಗ್ಗದ ಗುಂಡಿ. ಮಳೆಯ ಕತ್ತಲಲ್ಲಿ ನೀರು ಹೊತ್ತು ಬರುತ್ತಿದ್ದ ಅಮರದಾಸರು ಇಲ್ಲಿ ಮಗ್ಗದ ಗೂಟಕ್ಕೆ ಎಡವಿ ಬಿದ್ದರು. ಬಿದ್ದರೂ ಕೊಡದ ನೀರು ಚೆಲ್ಲಲು ಬಿಡಲಿಲ್ಲ. ಒಳಗಿದ್ದ ನೇಕಾರ ಯಾರದು ಸದ್ದು ಅಂದ. ಹೆಂಡತಿ, “ಇನ್ಯಾರು, ಅದೇ ಮನೆಮಠ ಇಲ್ಲದ ಅಮ್ರು” ಅಂದಳು. ಮಾತು ಗುರುವಿನ ಕಿವಿಗೆ ಬಿತ್ತು. ಮನೆ ಇಲ್ಲದವರಿಗೆಲ್ಲ ಇವರೇ ಮನೆ ಅಂತ ಅಂಗದರು ಎಲ್ಲರೆದುರು ಹೇಳಿದರು ಅನ್ನುತ್ತದೆ ಕಥೆ. 1552ರಲ್ಲಿ ತಮ್ಮ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಈ 73ರ ಅಜ್ಜನನ್ನು ಗುರು ಮಾಡಿದರು.

ಅಲ್ಲಿಂದ ಬಿಯಾಸ್ ದಡದ ಗೋಯಿಂದ್‌ವಾಲ್‌ಗೆ ಸುಮಾರು 8 ಕಿಲೋಮೀಟರ್. ಆಟೋದಲ್ಲಿ ಹೋದೆವು. ನಡುವೆ ದಮ್‌ದಮಾ ಸಾಹಿಬ್ ಅಂತ ಒಂದು ಗುರುದ್ವಾರ ಸಿಗುತ್ತದೆ. ನೀರು ಹೊತ್ತು ಬರುವಾಗ ಅವರು ಸ್ವಲ್ಪ ಹೊತ್ತು ದಮ್ಮು ಆರಿಸಿಕೊಳ್ಳುತ್ತಿದ್ದ ಜಾಗ. ದಮ್ಮು ಅನ್ನೋ ಮಾತು ಅವರಲ್ಲೂ ಅದೇ, ನಮ್ಮಲ್ಲೂ ಅದೇ. ಅವ್ವ ಆಟೋದಿಂದ ಇಣುಕಿ ಹಿಂದಿನ ದಾರಿ ನೋಡಿದಳು, ಮುಂದಿನ ದಾರಿ ನೋಡಿದಳು. “ದಿನಾ?” ಅಂದಳು. “ದಿನಾ” ಅಂದೆ. ಮತ್ತೆ ಊರು ಬರೋವರೆಗೆ ಮಾತಾಡಲಿಲ್ಲ.

ಗೋಯಿಂದ್‌ವಾಲ್ ಆಗಿನ ಕಾಲಕ್ಕೆ ದಿಲ್ಲಿ–ಲಾಹೋರ್ ದಾರಿಯಲ್ಲಿ ದೋಣಿ ದಾಟುವ ಕಡವು. ಗೋಯಿಂದಾ ಎಂಬ ಜಮೀನುದಾರನ ಹೆಸರಿನ ಊರು. ಗುರುವಾದ ಮೇಲೆ ಅಮರದಾಸರು ಇಲ್ಲೇ ನೆಲೆಸಿದರು. ಗಾದಿ ತನಗೆ ಸೇರಬೇಕಿತ್ತು ಅಂತ ಕುದಿಯುತ್ತಿದ್ದ ಅಂಗದರ ಮಗ ದಾತೂ ಒಂದು ದಿನ ಬಂದು, ಸಭೆಯ ನಡುವೆ ಕೂತಿದ್ದ ಇವರನ್ನು ಒದ್ದೇಬಿಟ್ಟ. ಅಜ್ಜ ಅವನ ಕಾಲು ಹಿಡಿದು, ನನ್ನ ಮೂಳೆ ಹಳೆಯದಾಗಿ ಗಟ್ಟಿಯಾಗಿವೆ, ನಿನ್ನ ಪಾದಕ್ಕೆ ನೋವಾಯಿತೇನೋ ಅಂತ ಒತ್ತಿದರಂತೆ. ಆ ರಾತ್ರಿಯೇ ಹುಟ್ಟೂರು ಬಾಸರ್ಕೆಗೆ ಹೋಗಿ ಒಂದು ಕೋಣೆ ಸೇರಿದರು. ಈ ಬಾಗಿಲು ತೆಗೆದವನು ನನ್ನ ಶಿಷ್ಯನಲ್ಲ ಅಂತ ಬಾಗಿಲ ಮೇಲೆ ಬರೆಸಿದರು.

ಹುಡುಕಿಕೊಂಡು ಬಂದವರಲ್ಲಿ ಬಾಬಾ ಬುಡ್ಢಾ ಇದ್ದರು. ನಾನಕರನ್ನು ಕಂಡಿದ್ದ ಹಿರಿಯರು, ಜಾಣರು. ಬಾಗಿಲು ಮುಟ್ಟಲಿಲ್ಲ, ಹಿಂದಿನ ಗೋಡೆಗೆ ಕನ್ನ ಕೊರೆದು ಒಳಗೆ ಹೋದರು! ಬಾಸರ್ಕೆಯ ಆ ಗುರುದ್ವಾರದ ಹೆಸರೇ ಸನ್ನ್ ಸಾಹಿಬ್. ಪಂಜಾಬಿಯಲ್ಲಿ ಸನ್ನ್ ಅಂದರೆ ಕಳ್ಳರು ಕೊರೆಯುವ ಕನ್ನ. ಕನ್ನವೊಂದಕ್ಕೆ ಸಾಹಿಬ್ ಅಂತ ಮರ್ಯಾದೆ ಸಿಕ್ಕಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿಗೆ ಹೋಗಲು ಈ ಸಲ ಸಮಯ ಸಾಲಲಿಲ್ಲ, ಅದೊಂದು ಕೊರಗು ಉಳಿದಿದೆ.

ಗೋಯಿಂದ್‌ವಾಲ್‌ನಲ್ಲಿ ಎಲ್ಲರೂ ಬರೋದು ಬಾವ್ಲಿ ನೋಡೋಕೆ. ಬಾವ್ಲಿ ಅಂದರೆ ಮೆಟ್ಟಿಲು ಬಾವಿ. ಅಮರದಾಸರೇ ಕಟ್ಟಿಸಿದ್ದು. ಶಿಷ್ಯರು ಊರ ಬಾವಿಗೆ ಹೋದರೆ ಕೆಲವರು ಕಲ್ಲು ಹೊಡೆದು ಕೊಡ ಒಡೆಯುತ್ತಿದ್ದರಂತೆ. ನಮ್ಮದೇ ಬಾವಿ ತೋಡೋಣ ಅಂದರು ಗುರು. ಯಾವ ಜಾತಿಯವರೂ ಇಳಿಯಬಹುದು, ಮುಟ್ಟಬಹುದು, ಕುಡಿಯಬಹುದು. ಕಮಾನಿನ ಬಾಗಿಲಲ್ಲಿ ಅವರ ಕಥೆಗಳ ಬಣ್ಣದ ಚಿತ್ರಗಳಿವೆ. ಒಳಗೆ ಮೆಟ್ಟಿಲು ನೇರ ನೆಲದಡಿಗೆ ಇಳಿಯುತ್ತವೆ.

“ತಮ್ಮಾ, ಎಷ್ಟ್ ಮೆಟ್ಲ ಅವ?”

“ಎಂಬತ್ನಾಕು.”

“ಇಳೀಲಾಕೊ, ಹತ್ಲಾಕೊ?”

“ಎರಡಕ್ಕೂ ಅಷ್ಟೇ ಅಲ್ಲವ್ವಾ.”

“ಹತ್ತುವಾಗ ಜಾಸ್ತಿ ಇರ್ತಾವ, ನಿನಗೇನ್ ಗೊತ್ತು.”

ಇಳಿದಳು. ಒಂದು ಕೈ ಗೋಡೆ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಕಲ್ಲು ಒದ್ದೆ, ತಣ್ಣಗೆ ಅಂಗಾಲು ಕೊರೆಯುತ್ತಿತ್ತು. ಅಕ್ಕಪಕ್ಕ ಸಣ್ಣ ಪುಸ್ತಕ ಹಿಡಿದವರು ಮೆಟ್ಟಿಲಿಗೊಬ್ಬರಂತೆ ಕೂತು ನಾನಕರ ಪ್ರಾರ್ಥನೆ ಜಪ್‌ಜಿ ಓದುತ್ತಿದ್ದರು. ಒಂದು ಸಲ ಓದಿ ಮುಗಿಸಿ, ಕೆಳಗಿಳಿದು ಸ್ನಾನ ಮಾಡಿ, ಬಂದು ಮುಂದಿನ ಮೆಟ್ಟಿಲಲ್ಲಿ ಮತ್ತೆ ಓದೋದು. ಹೀಗೆ 84 ಸಲ. ಇಡೀ ದಿನವೇ ಬೇಕು. ಮಾಡಿದವರಿಗೆ 84 ಲಕ್ಷ ಜನ್ಮದ ಸುತ್ತು ತಪ್ಪುತ್ತದೆ ಅಂತ ನಂಬಿಕೆ. ಸಿಖ್ಖರಲ್ಲೇ ಇದನ್ನು ಒಪ್ಪದವರಿದ್ದಾರೆ. ನನಗೂ ಯಾಕೋ ಸರಿಬರಲಿಲ್ಲ. ಇಪ್ಪತ್ತು ಸಲ ಗಂಗೆಯಲ್ಲಿ ಮುಳುಗೆದ್ದು, ಅದನ್ನು ಬಿಟ್ಟು ಬಂದ ಮನುಷ್ಯ ಕಟ್ಟಿಸಿದ ಬಾವಿ ಇದು. ಬಾಯಾರಿದವರಿಗೆ ಅಂತ ಕಟ್ಟಿಸಿದ್ದು. ಆದರೆ ಚಳಿಗೆ ನಡುಗುತ್ತಾ, ಒದ್ದೆ ಬಟ್ಟೆಯಲ್ಲಿ ಮತ್ತೆ ಮತ್ತೆ ಪುಸ್ತಕ ತೆರೆಯುತ್ತಿದ್ದ ಆ ಮುದುಕರ ಮುಖ ನೋಡಿ ವಾದ ಮಾಡುವ ಮನಸ್ಸಾಗಲಿಲ್ಲ.

ಅವ್ವ ಕೆಳಗೆ ಹೋಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡಳು. ಕುಡಿಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ನಿಂತಳು.

“ನಮ್ಮ ತವರುಮನಿ ಬಾವಿ ಹಗ್ಗ ಸುದ್ದಾ ಮುಟ್ಲಾಕ್ ಬಿಡ್ತಿದ್ದಿಲ್ಲ ಅವರಿಗೆ. ಮಧ್ಯಾಹ್ನದತನ ಕೊಡ ಹಿಡ್ಕೊಂಡ್ ದೂರ ನಿಂದರ್ತಿದ್ರು. ನಮ್ಮವ್ವ ಮ್ಯಾಲಿಂದ ಸುರೀತಿದ್ಳು. ನಾನೂ ಸುರದೀನಿ.”

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವ್ವ ನೀರು ಕುಡಿದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಹತ್ತಿರದಲ್ಲೇ ಚೌಬಾರಾ ಸಾಹಿಬ್, ಗುರುಗಳು ಇದ್ದ ಮನೆ. ಗೋಡೆಯಲ್ಲೊಂದು ಗೂಟ ಇದೆ. ತೊಂಬತ್ತರ ಹತ್ತಿರ ಬಂದ ಮೇಲೆ ಧ್ಯಾನಕ್ಕೆ ನಿಂತಾಗ ಆಸರೆಗೆ ಹಿಡಿದುಕೊಳ್ಳುತ್ತಿದ್ದ ಗೂಟವಂತೆ. ಖಡೂರಿನಲ್ಲಿ ಬೀಳಿಸಿದ ಗೂಟಕ್ಕೂ ಕೈಮುಗಿಯುತ್ತಾರೆ, ಇಲ್ಲಿ ಹಿಡಿದು ನಿಲ್ಲಿಸಿದ ಗೂಟಕ್ಕೂ ಕೈಮುಗಿಯುತ್ತಾರೆ. ಐದನೇ ಗುರು ಅರ್ಜುನ್ 1563ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ, ಅಮರದಾಸರ ಮಗಳು ಬೀಬಿ ಭಾನಿಯ ಹೊಟ್ಟೆಯಲ್ಲಿ. ಮುಂದೆ ಅರ್ಜುನ್ ಗುರುಗ್ರಂಥ ಜೋಡಿಸುವಾಗ ಹಳೆಯ ಪದಗಳ ಹಸ್ತಪ್ರತಿ ಈ ಮನೆಯಲ್ಲೇ, ಅಮರದಾಸರ ಮಗ ಮೋಹನ್ ಹತ್ತಿರ ಇತ್ತು. ಸೋದರಮಾವ ಸುಲಭಕ್ಕೆ ಕೊಡುವ ಆಸಾಮಿಯಲ್ಲ. ಅಳಿಯ ಕೆಳಗೆ ಬೀದಿಯಲ್ಲಿ ಕೂತು ಹಾಡಿ ಹಾಡಿ ಒಲಿಸಿಕೊಂಡರಂತೆ.

22 ವರ್ಷ ಗುರುವಾಗಿದ್ದರು ಅಮರದಾಸರು. ಅವರ ಕಾಲಕ್ಕೆ ಶಿಷ್ಯರು ಎಲ್ಲೆಲ್ಲೋ ಹರಡಿದ್ದರು. ಅವರನ್ನೆಲ್ಲ ಒಟ್ಟಿಗೆ ಹಿಡಿದಿಡಲು 22 ಮಂಜಿ, ಅಂದರೆ ಪೀಠಗಳನ್ನು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪ್ರದೇಶ ವಹಿಸಿದರು. ಬೈಸಾಖಿ, ದೀಪಾವಳಿಗೆ ಎಲ್ಲರೂ ಗೋಯಿಂದ್‌ವಾಲ್‌ಗೆ ಬರಬೇಕು ಅಂದರು. ಗಂಡನ ಚಿತೆ ಏರೋದು ಸತಿತನವಲ್ಲ ಅಂತ ಪದವನ್ನೇ ಬರೆದರು. ಮುಸುಕು ಹಾಕಿಕೊಂಡು ಸಭೆಗೆ ಬರಬೇಡಿ ಅಂತ ಹೆಂಗಸರಿಗೆ ಹೇಳಿದರು. ಅವರು ಬರೆದ ಆನಂದ್ ಸಾಹಿಬ್ 40 ನುಡಿಗಳ ಹಾಡು. ಮದುವೆ ಇರಲಿ, ಸಾವಿರಲಿ, ಸಿಖ್ಖರ ಮನೆಗಳಲ್ಲಿ ಅದು ಇರಲೇಬೇಕು. 1574ರಲ್ಲಿ, 95ನೇ ವಯಸ್ಸಿನಲ್ಲಿ ಹೋಗುವಾಗ ಅಳಬೇಡಿ ಅಂತ ಮನೆಯವರನ್ನು ಕೂರಿಸಿಕೊಂಡು ಹೇಳಿದರು. ಗಾದಿಯನ್ನು ಅಳಿಯ ರಾಮದಾಸರಿಗೆ ಕೊಟ್ಟಿದ್ದರು. ಅಮೃತಸರ ಕಟ್ಟಿದವರು ಅವರೇ.

ಆದರೆ ನನಗೆ ಮುಖ್ಯ ಅನಿಸೋದು ಊಟದ ನಿಯಮ. ಮೊದಲು ಪಂಗತ್, ಆಮೇಲೆ ಸಂಗತ್. ಅಂದರೆ ಮೊದಲು ಪಂಕ್ತಿಯಲ್ಲಿ ಕೂತು ಉಣ್ಣು, ಆಮೇಲೆ ಗುರುವನ್ನು ನೋಡು. ಅಕ್ಬರ್ ಬಾದಶಹ ಬಂದಾಗಲೂ ಇದೇ ಮಾತು, ಅವನೂ ನೆಲದ ಮೇಲೆ ಕೂತು ಉಂಡ ಅಂತ ಸಿಖ್ಖರು ಹೇಳುತ್ತಾರೆ. ಜಹಗೀರು ಕೊಡಲು ಬಂದರೆ ಗುರು ಬೇಡ ಅಂದರಂತೆ. ನಮ್ಮ ಕಡೆ ದಾಸೋಹ ಕಂಡವರಿಗೆ ಇದು ಬೇಗ ಅರ್ಥವಾಗುತ್ತೆ.

ನಾವೂ ಪಂಗತ್‌ನಲ್ಲಿ ಕೂತೆವು. ಉದ್ದದ ಚಾಪೆ, ಸ್ಟೀಲ್ ತಟ್ಟೆ, ಕಪ್ಪು ಉದ್ದಿನ ದಾಲ್. ರೊಟ್ಟಿಗೆ ಅಲ್ಲಿ ಪರ್ಶಾದಾ ಅನ್ನುತ್ತಾರೆ. ಎರಡೂ ಕೈ ಜೋಡಿಸಿ ಒಡ್ಡಿದರೆ ಮೇಲಿಂದ ಹಾಕುತ್ತಾರೆ. ಹೊಟ್ಟೆ ತುಂಬಿದ ಮೇಲೆ ಅವ್ವ ನಮ್ಮ ದಖನಿಯಲ್ಲಿ “ನಕ್ಕೊ, ನಕ್ಕೊ” ಅಂತ ಎರಡೂ ಕೈ ಆಡಿಸಿದಳು. ಬಡಿಸುವ ಹುಡುಗನಿಗೆ ನಕ್ಕೊ ಅರ್ಥವಾಗಲಿಲ್ಲ, ಕೈ ಮಾತ್ರ ಕಾಣಿಸಿತು. ಇನ್ನೆರಡು ಹಾಕಿದ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಗುತ್ತಾ ಎಲ್ಲಿಂದ ಬಂದಿರಿ ಅಂದರು. ಕರ್ನಾಟಕ ಅಂದೆ. ಸುಮ್ನೆ ತಲೆಯಾಡಿಸಿದರು. ಬೀದರ್ ಅಂದೆ. ಮುಖವೇ ಬದಲಾಯಿತು. “ಭಾಯಿ ಸಾಹಿಬ್ ಸಿಂಗ್ ಊರಾ!” ಅಂತ ಅವ್ವನಿಗೆ ಕೈಮುಗಿದರು. 1699ರಲ್ಲಿ ಗುರು ಗೋವಿಂದ ಸಿಂಗ್ ಧರ್ಮಕ್ಕಾಗಿ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಈ ಸಾಹಿಬ್ ಸಿಂಗ್, ಬೀದರಿನ ಕ್ಷೌರಿಕರ ಮನೆಯವರು. ಅದು ಅಲ್ಲಿನ ಮಕ್ಕಳಿಗೂ ಗೊತ್ತು. ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ನಾಲ್ಕು ಗಂಟೆಗೆ ತರನ್ ತಾರನ್ ಬಸ್ಸು. ಕೈ ತೊಳೆದು ಬಂದು ನೋಡಿದರೆ ಅವ್ವ ಇಲ್ಲ. ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ತೊಟ್ಟಿಗಳ ಹತ್ತಿರ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಂಜಾಬಿ ಹೆಂಗಸರ ನಡುವೆ ನಿಂತು ತಟ್ಟೆ ಉಜ್ಜುತ್ತಿದ್ದಳು. ಬೂದಿ, ಸೋಪಿನ ನೊರೆ ಮೊಣಕೈವರೆಗೆ.

“ಅವ್ವಾ, ಬಸ್ಸಿನ ಟೈಮಾತು.”

“ಇಷ್ಟ್ ಮುಗಸ್ತೀನಿ.”

“ಮೊಣಕಾಲು?”

“ಅದ್ರ ಪಾಡಿಗದು ಇರ್ಲಿ.”

ಇಷ್ಟು ಅಂದರೆ ಎಷ್ಟು ಅಂತ ನೋಡಿದೆ. ಒಂದು ಕಡೆ ಅವಳು ತೊಳೆದಿಡುತ್ತಿದ್ದಳು, ಇನ್ನೊಂದು ಕಡೆ ಹೊಸ ಪಂಗತ್‌ನ ತಟ್ಟೆಗಳು ಬಂದು ಬೀಳುತ್ತಲೇ ಇದ್ದವು. ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿಕೊಂಡು ಬರಲು ಹೊರಗೆ ಹೋದೆ.