ಲೇಬ್ರಮ್ ಹೊಲಿಗೆ: ಕೆಡುವುದು ಟೇಬಲ್ ಮೇಲೆಯೇ

ಸೊಂಟದ ಕೀಲಿನ ಆರ್ತ್ರೋಸ್ಕೋಪಿಗೆ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಹೊಸದಾಗಿ ಬಂದ ಸರ್ಜನ್‌ಗಳ ಕಣ್ಣೆಲ್ಲ ಆಂಕರ್ (ಹೊಲಿಗೆಯ ದಾರವನ್ನು ಮೂಳೆಗೆ ಹಿಡಿಸುವ ಮೊಳೆ), ಗಂಟುಗಳ ಮೇಲೆ. ಆದರೆ ಲೇಬ್ರಮ್‌ಗೆ, ಅಂದರೆ ಕೀಲಿನ ಬಟ್ಟಲಿನ ಅಂಚಿನ ಮೆತ್ತನೆಯ ಪಟ್ಟಿಗೆ, ಪೆಟ್ಟಾಗುವುದು ಎಷ್ಟೋ ಸಲ ಹೊಲಿಗೆ ಶುರುವಾಗುವ ಮೊದಲೇ.

ಮೊದಲು ಟ್ರ್ಯಾಕ್ಷನ್ ಟೇಬಲ್, ಅಂದರೆ ಕಾಲನ್ನು ಎಳೆದು ಕೀಲು ತೆರೆಯುವ ಟೇಬಲ್. ತೊಡೆಸಂದಿಯ ಪೋಸ್ಟ್‌ಗೆ ದಪ್ಪ ಪ್ಯಾಡ್ ಸುತ್ತಿ, ಆಪರೇಷನ್ ಆಗುವ ಕಾಲಿನ ಒಳತೊಡೆಗೆ ಒತ್ತಿಕೊಳ್ಳುವಂತೆ ಇಡಬೇಕು. ನಟ್ಟನಡುವೆ ಇಟ್ಟರೆ ಪುಡೆಂಡಲ್ ನರದ ಮೇಲೆ ಭಾರ ಬಿದ್ದು ಜನನಾಂಗದ ಭಾಗ ಜೋಮು ಹಿಡಿಯುತ್ತದೆ. ಎಳೆಯಲು ಪಾದಕ್ಕೆ ಹಾಕುವ ಬೂಟ್ ಸಡಿಲವಿದ್ದರೆ ಹಿಮ್ಮಡಿ ಜಾರಿ, ಎಳೆದದ್ದೆಲ್ಲ ವ್ಯರ್ಥ. ಸಿ-ಆರ್ಮ್‌ನಲ್ಲಿ (ಟೇಬಲ್ ಪಕ್ಕದ ಎಕ್ಸ್‌ರೇ ಯಂತ್ರ) ಕೀಲು 8ರಿಂದ 10 ಮಿ.ಮೀ. ತೆರೆದರೆ ಸಾಕು. ತೆರೆಯದಿದ್ದರೆ ಇನ್ನಷ್ಟು ಎಳೆಯಬೇಡಿ. ಸ್ನಾಯು ಪೂರ್ತಿ ಸಡಿಲವಾಗಿದೆಯೇ ಅಂತ ಅನಸ್ತೇಷಿಯಾದವರನ್ನು ಕೇಳಿ. ಎಳೆತ ಶುರುವಾದ ಹೊತ್ತನ್ನು ಬೋರ್ಡ್ ಮೇಲೆ ಬರೆದು, ಅರ್ಧ ಗಂಟೆಗೊಮ್ಮೆ ಗಟ್ಟಿಯಾಗಿ ಹೇಳಿ. 2 ಗಂಟೆ ದಾಟಬಾರದು.

ಮೊದಲ ಸೂಜಿ ಕ್ಯಾಮೆರಾ ಇಲ್ಲದೆ, ಎಕ್ಸ್‌ರೇ ನೋಡಿಕೊಂಡು ಹೋಗುವಂಥದ್ದು. ಲೇಬ್ರಮ್ ಬಟ್ಟಲಿನ ಅಂಚಿಗೆ ಅಂಟಿರುವುದರಿಂದ ಸೂಜಿ ಚೆಂಡಿನ (ತೊಡೆಮೂಳೆಯ ದುಂಡು ತಲೆ) ಹತ್ತಿರದಲ್ಲೇ ಸಾಗಬೇಕು, ಚೂಪು ತುದಿ ಮಾತ್ರ ಚೆಂಡಿನಿಂದ ಆಚೆಗಿರಲಿ. ಕೀಲನ್ನು ಸುತ್ತುವರಿದ ಚೀಲವಾದ ಕ್ಯಾಪ್ಸೂಲ್ ದಾಟುವಾಗ ಒಂದು ಸಣ್ಣ ಬಿಡುಗಡೆ ಕೈಗೆ ತಿಳಿಯುತ್ತದೆ. ಅದರಾಚೆಗೂ ರಬ್ಬರಿನಂತೆ ಒತ್ತು ಸಿಕ್ಕರೆ ಅದು ಲೇಬ್ರಮ್ಮೇ ಇರಬೇಕು. ಹೊರಗೆಳೆದು, ತುಸು ಕೆಳಗಿನಿಂದ ಮತ್ತೆ ಹಾಕಿ. ಒಳಗಿನ ಕಡ್ಡಿ ತೆಗೆದಾಗ ಗಾಳಿ ಒಳಹೋಗಿ ಕೀಲಿನ ನಿರ್ವಾತ ಮುರಿಯುತ್ತದೆ, ಚಿತ್ರದಲ್ಲಿ ಅಂತರ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಆಮೇಲೆ ನಿಟಿನಾಲ್ ಎಂಬ ಲೋಹದ ಬಳುಕುವ ತಂತಿಯ ಮೇಲೆ ಕ್ಯಾನ್ಯುಲಾ, ಅಂದರೆ ಉಪಕರಣ ಹೋಗುವ ಕೊಳವೆ. ತಂತಿ ಹಿಂದೆ ಮುಂದೆ ಸಲೀಸಾಗಿ ಆಡುತ್ತಿದೆಯೇ ಎಂದು ನಡುನಡುವೆ ನೋಡಲೇಬೇಕು. ಬಾಗಿದ ತಂತಿಯ ಮೇಲೆ ಒತ್ತಿದರೆ ಅದು ಕೀಲಿನೊಳಗೇ ತುಂಡಾಗುತ್ತದೆ.

ಆಂಕರ್‌ಗೆ ಡ್ರಿಲ್ ಮಾಡುವಾಗ 70 ಡಿಗ್ರಿ ಸ್ಕೋಪ್‌ನ (ಓರೆಯಾಗಿ ನೋಡುವ ಕ್ಯಾಮೆರಾ) ನೋಟ ಬಟ್ಟಲಿನ ಕಾರ್ಟಿಲೇಜ್ (ಮೃದ್ವಸ್ಥಿ) ಮೇಲೆಯೇ ಇರಲಿ. ಕಾರ್ಟಿಲೇಜ್ ಉಬ್ಬಿದಂತೆ ಕಂಡರೆ ತಕ್ಷಣ ನಿಲ್ಲಿಸಿ, ಡ್ರಿಲ್‌ನ ಕೋನ ಬದಲಿಸಿ. ಗಂಟು ಕ್ಯಾಪ್ಸೂಲ್ ಕಡೆಗೆ ಬರಬೇಕು, ಚೆಂಡಿಗೆ ತಾಗಬಾರದು. ತೀರಾ ಬಿಗಿದರೆ ಲೇಬ್ರಮ್ ಹೊರಕ್ಕೆ ಮಗುಚಿ, ಚೆಂಡನ್ನು ಹಿಡಿಯುವ ಸೀಲ್ ಹೋಗುತ್ತದೆ. ಟ್ರ್ಯಾಕ್ಷನ್ ಬಿಟ್ಟ ಮೇಲೆ ಅಂಚು ಚೆಂಡಿಗೆ ಸುತ್ತಲೂ ಕೂತಿದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಲೇಬ್ರಮ್ ಹರಿಯಲು ಕಾರಣವಾದ ಕ್ಯಾಮ್ ಉಬ್ಬನ್ನು (ಚೆಂಡಿನ ಬುಡದಲ್ಲಿ ಹೆಚ್ಚಿಗೆ ಬೆಳೆದ ಮೂಳೆ) ಕೆರೆಯದೆ ಬಿಟ್ಟರೆ ಹೊಲಿದದ್ದು ಮತ್ತೆ ಹರಿಯಬಹುದು.

ಇಷ್ಟರ ನಡುವೆ ಹೊಟ್ಟೆಯನ್ನು ಮರೆಯಬಾರದು. ಕೀಲಿನೊಳಗೆ ಹರಿಸುವ ಪಂಪ್‌ನ ನೀರು, ಹೊಟ್ಟೆಯ ಹಿಂಭಾಗದಿಂದ ತೊಡೆಗೆ ಇಳಿಯುವ ಸೋವಾಸ್ ಸ್ನಾಯುವಿನ ಜಾಡು ಹಿಡಿದು ಹೊಟ್ಟೆಯೊಳಗೆ ಸೇರಬಹುದು. ಹೊಟ್ಟೆ ಬಿಗಿಯಾಯಿತೇ, ಮೈ ತಣ್ಣಗಾಯಿತೇ, ಉಸಿರಿನ ಒತ್ತಡ ಏರಿತೇ? ಪಂಪ್ ನಿಲ್ಲಿಸಿ, ಅನಸ್ತೇಷಿಯಾದವರಿಗೆ ಆ ಕ್ಷಣವೇ ಹೇಳಿ.